ಕಪ್ಪು ಅಂಗಿಗೆ ಬೆಲೆ ಕಟ್ಟಿದಾಗ: ಒಂದು ರಗ್ಬಿ ತಂಡದ ಪ್ರಕರಣ ಅಧ್ಯಯನ

2021ರ ಏಪ್ರಿಲ್ 29ರಂದು ನ್ಯೂಜಿಲೆಂಡಿನ 26 ಪ್ರಾಂತೀಯ ರಗ್ಬಿ ಒಕ್ಕೂಟಗಳು ತಮ್ಮ ರಾಷ್ಟ್ರೀಯ ಸಂಸ್ಥೆಯ ವಾರ್ಷಿಕ ಸಭೆಯಲ್ಲಿ ಒಂದು ಪ್ರಸ್ತಾವಕ್ಕೆ ಮತ ಹಾಕಿದವು. ದೇಶದ ರಗ್ಬಿಯ ವಾಣಿಜ್ಯ ಹಕ್ಕುಗಳಲ್ಲಿ ಶೇ 12.5ರಷ್ಟು ಪಾಲನ್ನು ಅಮೆರಿಕದ ಸಿಲ್ವರ್ ಲೇಕ್ ಎಂಬ ಹೂಡಿಕೆ ಸಂಸ್ಥೆಗೆ 38.75 ಕೋಟಿ ನ್ಯೂಜಿಲೆಂಡ್ ಡಾಲರಿಗೆ ಮಾರಬೇಕೆಂಬುದೇ ಆ ಪ್ರಸ್ತಾವ. ವಿರೋಧವಾಗಿ ಒಂದು ಮತವೂ ಬೀಳಲಿಲ್ಲ. ಕೊಳ್ಳುವವರು ಸಿದ್ಧರಿದ್ದರು, ಮಾರುವವರೂ ಸಿದ್ಧರಿದ್ದರು. ಆದರೂ ಮಾರಾಟ ನಡೆಯಲಿಲ್ಲ. ಅದು ಯಾಕೆ ನಿಂತಿತು, ನಿಂತದ್ದರಿಂದ ಏನಾಯಿತು ಎಂಬುದು ಈ ಬರಹದ ವಿಷಯ.

ತಂಡದ ಹೆಸರನ್ನು ಮರೆಮಾಚುವುದರಲ್ಲಿ ಅರ್ಥವಿಲ್ಲ: ಅದು ಆಲ್ ಬ್ಲ್ಯಾಕ್ಸ್, ನ್ಯೂಜಿಲೆಂಡಿನ ರಾಷ್ಟ್ರೀಯ ರಗ್ಬಿ ತಂಡ. ಇಡೀ ವ್ಯವಹಾರ ಬಹಿರಂಗವಾಗಿಯೇ ನಡೆದಿದೆ. ಆದರೆ ಅದರಲ್ಲಿ ಪಾಲ್ಗೊಂಡ ವ್ಯಕ್ತಿಗಳನ್ನು ಅವರ ಹುದ್ದೆಯಿಂದಷ್ಟೇ ಕರೆಯುತ್ತೇನೆ. ನಮಗೆ ಬೇಕಾದದ್ದು ಅವರು ತೆಗೆದುಕೊಂಡ ತೀರ್ಮಾನಗಳು.

ಹಿನ್ನೆಲೆ

ಆಲ್ ಬ್ಲ್ಯಾಕ್ಸ್ ಎಂಬ ಹೆಸರು ಜನಜನಿತವಾದದ್ದು 1905ರ ಬ್ರಿಟನ್ ಪ್ರವಾಸದ ಹೊತ್ತಿಗೆ. ಕಪ್ಪು ಅಂಗಿ, ಎದೆಯ ಮೇಲೆ ಬೆಳ್ಳಿ ಬಣ್ಣದ ಜರೀಗಿಡದ ಎಲೆ, ಪಂದ್ಯಕ್ಕೆ ಮುನ್ನ ಹಾಕಾ ಎಂಬ, ಅಲ್ಲಿನ ಮೂಲನಿವಾಸಿಗಳಾದ ಮಾವೊರಿಗಳ ಕುಣಿತ. ಅಂದಿನಿಂದ ಬೇರೆ ದೇಶಗಳೆದುರು ಆಡಿದ ಟೆಸ್ಟ್ ಪಂದ್ಯಗಳಲ್ಲಿ ಮುಕ್ಕಾಲು ಪಾಲನ್ನು ಗೆದ್ದ ತಂಡವಿದು. 1987, 2011 ಮತ್ತು 2015ರಲ್ಲಿ ವಿಶ್ವಕಪ್ ಎತ್ತಿದೆ. 2015ರಿಂದ 2016ರವರೆಗೆ ಸತತವಾಗಿ 18 ಟೆಸ್ಟ್‌ಗಳನ್ನು ಗೆದ್ದಿತ್ತು. ಸುಮಾರು 50 ಲಕ್ಷ ಜನರಿರುವ, ನಮ್ಮ ಬೆಂಗಳೂರಿನ ಅರ್ಧದಷ್ಟೂ ಜನಸಂಖ್ಯೆಯಿಲ್ಲದ ದೇಶವೊಂದರ ತಂಡ ನೂರಕ್ಕೂ ಹೆಚ್ಚು ವರ್ಷ ಹೀಗೆ ಆಡಿದ್ದು ನನ್ನ ಮಟ್ಟಿಗೆ ಇಂದಿಗೂ ಬೆರಗಿನ ಸಂಗತಿ.

ಈ ಗೆಲುವಿನ ಹಿಂದಿನ ವ್ಯವಸ್ಥೆ ಕನ್ನಡ ಓದುಗರಿಗೆ ಹೊಸದೇನಲ್ಲ. ನಮ್ಮ ನಂದಿನಿ ಹಾಲಿನಂತೆಯೇ ಅದು. ಊರಿನ ಡೇರಿಗೆ ಬೆಳಗಿನ ಜಾವ ಹಾಲು ಹಾಕುವವರು, ಅವರ ಸಂಘಗಳು ಸೇರಿ ಒಂದು ಒಕ್ಕೂಟ, ಒಕ್ಕೂಟಗಳು ಸೇರಿ ಮಹಾಮಂಡಳ. ಅಂಗಡಿಯಲ್ಲಿ ಕಾಣುವುದು ಪ್ಯಾಕೆಟ್ಟಿನ ಮೇಲಿನ ಹೆಸರು ಮಾತ್ರ. ಅಲ್ಲಿಯೂ ಹಾಗೆಯೇ. ಹಳ್ಳಿ ಪಟ್ಟಣಗಳ ಕ್ಲಬ್ಬುಗಳಲ್ಲಿ ಶನಿವಾರದ ಪಂದ್ಯ ನಡೆಸುವ, ಗೆರೆ ಎಳೆಯುವ, ಮಕ್ಕಳಿಗೆ ಚೆಂಡು ಹಿಡಿಯುವುದನ್ನು ಕಲಿಸುವ ಸ್ವಯಂಸೇವಕರು ತಳದಲ್ಲಿದ್ದಾರೆ. ಅವರ ಮೇಲೆ ಪ್ರಾಂತೀಯ ಒಕ್ಕೂಟಗಳು, ಅವುಗಳ ಮೇಲೆ 1892ರಲ್ಲಿ ಹುಟ್ಟಿದ ರಾಷ್ಟ್ರೀಯ ಸಂಸ್ಥೆ. ಹಣ ತರುವುದು ಮೇಲಿನ ಒಂದೇ ಹೆಸರು. ಆ ಹಣ ಕೆಳಗಿಳಿದು ಎಲ್ಲರನ್ನೂ ಸಾಕಬೇಕು. 2023ರ ಏಪ್ರಿಲ್‌ನಲ್ಲಿ ಅಮುಲ್ ಹಾಲು ಬೆಂಗಳೂರಿಗೆ ಬರುತ್ತದೆಂಬ ಸುದ್ದಿಗೆ ಇಲ್ಲಿ ಎದ್ದ ಕಾವನ್ನು ನೆನಪಿಸಿಕೊಂಡರೆ, ಹೊರಗಿನ ಹೂಡಿಕೆದಾರರ ಸುದ್ದಿ ನ್ಯೂಜಿಲೆಂಡಿನಲ್ಲಿ ಯಾಕೆ ಮನೆಮನೆಯ ಮಾತಾಯಿತು ಎಂಬುದು ತಿಳಿಯುತ್ತದೆ.

1995ರವರೆಗೆ ಈ ಆಟದಲ್ಲಿ ಆಟಗಾರರಿಗೆ ಸಂಬಳವೇ ಇರಲಿಲ್ಲ. ಆ ವರ್ಷ ದಕ್ಷಿಣ ಆಫ್ರಿಕಾ, ನ್ಯೂಜಿಲೆಂಡ್ ಮತ್ತು ಆಸ್ಟ್ರೇಲಿಯಾದ ಸಂಸ್ಥೆಗಳು ನ್ಯೂಸ್ ಕಾರ್ಪ್ ಕಂಪನಿಯೊಂದಿಗೆ ಹತ್ತು ವರ್ಷಕ್ಕೆ 55.5 ಕೋಟಿ ಅಮೆರಿಕನ್ ಡಾಲರಿನ ಪ್ರಸಾರ ಒಪ್ಪಂದ ಮಾಡಿಕೊಂಡವು. ಅದೇ ಹೊತ್ತಿಗೆ ಖಾಸಗಿ ಲೀಗ್ ಒಂದು ಮೂರೂ ದೇಶಗಳ ಆಟಗಾರರನ್ನು ಸೆಳೆಯಲು ಹೊರಟಿತು. ರಾಷ್ಟ್ರೀಯ ಸಂಸ್ಥೆಗಳು ಬಹಳ ಪ್ರಯಾಸಪಟ್ಟು ತಮ್ಮ ಆಟಗಾರರನ್ನು ಉಳಿಸಿಕೊಂಡವು. ಆಟಗಾರರಿಲ್ಲದೆ ಅಂಗಿಗೆ ಬೆಲೆಯಿಲ್ಲ ಎಂಬುದು ಆಗಲೇ ಎರಡೂ ಕಡೆಯವರಿಗೆ ಅರಿವಾಗಿತ್ತು. ಮುಂದೆ ಆಟಗಾರರ ಸಂಘ ಮತ್ತು ಸಂಸ್ಥೆಯ ನಡುವಿನ ಸಾಮೂಹಿಕ ಒಪ್ಪಂದದಲ್ಲಿ, ಆಟಗಾರರಿಂದ ಹುಟ್ಟುವ ಆದಾಯದ ಶೇ 36ಕ್ಕೂ ಹೆಚ್ಚು ಭಾಗ ಅವರಿಗೇ ಸೇರಬೇಕೆಂಬ ನಿಯಮ ಬಂದಿತು. 2021ರಲ್ಲಿ ಇಡೀ ಪ್ರಕರಣ ತಿರುಗಿದ್ದು ಈ ಒಪ್ಪಂದದ ಮೇಲೆಯೇ.

ಗೆಲುವು ಹಣವಾಗದ ಬಗೆ

ಜಗತ್ತಿನ ಅತಿ ಹೆಸರಾಂತ ರಗ್ಬಿ ತಂಡಕ್ಕೆ ಹಣದ ಕೊರತೆ ಯಾಕೆ? ಮೊದಲ ಕಾರಣ ಭೂಗೋಳ. ಆಕ್ಲೆಂಡಿನಲ್ಲಿ ಜೂನ್ ತಿಂಗಳ ಸಂಜೆ ಏಳಕ್ಕೆ ಪಂದ್ಯ ಶುರುವಾದರೆ ಲಂಡನ್ನಿನಲ್ಲಿ ಬೆಳಿಗ್ಗೆ ಎಂಟು ಗಂಟೆ. ಹಣವಿರುವ ಪ್ರೇಕ್ಷಕರು ಯುರೋಪಿನಲ್ಲಿದ್ದಾರೆ, ಅವರು ಟಿವಿ ಮುಂದೆ ಕೂರುವ ಹೊತ್ತಿಗೆ ನ್ಯೂಜಿಲೆಂಡ್ ಮಲಗಿರುತ್ತದೆ. ಎರಡನೆಯದು ಮೈದಾನ. ದೇಶದ ಅತಿ ದೊಡ್ಡ ಕ್ರೀಡಾಂಗಣವಾದ ಈಡನ್ ಪಾರ್ಕಿನಲ್ಲಿ ಸುಮಾರು 50 ಸಾವಿರ ಆಸನಗಳಿವೆ, ಲಂಡನ್ನಿನ ಟ್ವಿಕನಮ್‌ನಲ್ಲಿ 82 ಸಾವಿರ. ಮೂರನೆಯದು ಆಟದ ರೂಢಿ. ನಿಗದಿತ ಅಂತರರಾಷ್ಟ್ರೀಯ ಅವಧಿಯಲ್ಲಿ ಟಿಕೆಟ್ ಹಣವೆಲ್ಲ ಆತಿಥೇಯರಿಗೆ ಸೇರುತ್ತದೆ. ಆಲ್ ಬ್ಲ್ಯಾಕ್ಸ್ ಬಂದಿದ್ದಾರೆಂದು ಟ್ವಿಕನಮ್ ತುಂಬಿದರೂ ಆ ಹಣ ಇಂಗ್ಲೆಂಡಿನದೇ. ಇದು ನ್ಯೂಜಿಲೆಂಡಿನವರ ಹಳೆಯ ದೂರು, ಮತ್ತು ನ್ಯಾಯವಾದ ದೂರು. ಅದಕ್ಕಾಗಿಯೇ ಅವರು ನಿಗದಿತ ಪಟ್ಟಿಯ ಹೊರಗೆ ಷಿಕಾಗೊ, ವಾಷಿಂಗ್ಟನ್‌ಗಳಿಗೆ ಹೋಗಿ ಆಡಿ ಬರುತ್ತಿದ್ದರು.

ಹಾಗಾಗಿ ಉಳಿದದ್ದು ಪ್ರಾಯೋಜಕರು ಮತ್ತು ಪ್ರಸಾರ ಹಕ್ಕು. 1999ರಿಂದ ಅಂಗಿ ಹೊಲಿಸುವುದು ಅಡಿಡಾಸ್. 2012ರಲ್ಲಿ ಅಮೆರಿಕದ ವಿಮಾ ಕಂಪನಿ ಎಐಜಿಯ ಹೆಸರು ಎದೆಯ ಮಧ್ಯಕ್ಕೆ ಬಂತು. ಅಷ್ಟಾದರೂ ಖರ್ಚು ಆದಾಯವನ್ನು ಹಿಂದಿಕ್ಕುತ್ತಲೇ ಇತ್ತು. ಯುರೋಪ್ ಮತ್ತು ಜಪಾನಿನ ಕ್ಲಬ್ಬುಗಳು ಆಟಗಾರರಿಗೆ ಕೊಡುವ ಹಣಕ್ಕೆ ಸಂಸ್ಥೆ ಪೈಪೋಟಿ ಕೊಡಬೇಕಿತ್ತು, ಜೊತೆಗೆ 26 ಒಕ್ಕೂಟಗಳನ್ನೂ ಸಾಕಬೇಕಿತ್ತು.

ಆಗ ಕೋವಿಡ್ ಬಂದಿತು. 2020ರ ಜುಲೈನಲ್ಲಿ ಬರಬೇಕಿದ್ದ ವೇಲ್ಸ್ ಮತ್ತು ಸ್ಕಾಟ್ಲೆಂಡ್ ತಂಡಗಳು ಬರಲಿಲ್ಲ. ಆ ವರ್ಷ ಸಂಸ್ಥೆಗೆ ಆದ ನಷ್ಟ 3.46 ಕೋಟಿ ನ್ಯೂಜಿಲೆಂಡ್ ಡಾಲರ್.

ಮೊದಲ ಪ್ರಯತ್ನ

ಈ ಹೊತ್ತಿಗೆ ಕ್ರೀಡೆಯಲ್ಲಿ ಪಾಲು ಕೊಳ್ಳುವ ಹೂಡಿಕೆ ಸಂಸ್ಥೆಗಳ ಓಡಾಟ ಜೋರಾಗಿತ್ತು. ಸಿವಿಸಿ ಎಂಬ ಸಂಸ್ಥೆ 2021ರಲ್ಲಿ ಯುರೋಪಿನ ಸಿಕ್ಸ್ ನೇಷನ್ಸ್ ಟೂರ್ನಿಯ ಏಳನೆಯ ಒಂದು ಭಾಗಕ್ಕೆ 36.5 ಕೋಟಿ ಪೌಂಡ್ ಕೊಟ್ಟಿತು. ಅದೇ ವರ್ಷದ ಅಕ್ಟೋಬರಿನಲ್ಲಿ ನಮ್ಮ ಐಪಿಎಲ್‌ನ ಅಹಮದಾಬಾದ್ ತಂಡವನ್ನು 5,625 ಕೋಟಿ ರೂಪಾಯಿಗೆ ಕೊಂಡದ್ದೂ ಅದೇ ಸಿವಿಸಿ. ಸಿಲ್ವರ್ ಲೇಕ್ ಕೂಡ ನಮಗೆ ಅಪರಿಚಿತವಲ್ಲ. 2020ರಲ್ಲಿ ಜಿಯೋದಲ್ಲಿಯೂ ಬೆಂಗಳೂರಿನ ಬೈಜೂಸ್‌ನಲ್ಲಿಯೂ ಅದು ಹಣ ಹಾಕಿತ್ತು.

ಶೇ 12.5ಕ್ಕೆ 38.75 ಕೋಟಿ ಎಂದರೆ ಇಡೀ ವಾಣಿಜ್ಯ ಹಕ್ಕುಗಳ ಮೌಲ್ಯ 310 ಕೋಟಿ ನ್ಯೂಜಿಲೆಂಡ್ ಡಾಲರ್ ಆಯಿತು. ಈ ಮೌಲ್ಯವೆಂಬುದು ತಿಜೋರಿಯಲ್ಲಿರುವ ಹಣವಲ್ಲ. ಮುಂದಿನ ದಶಕಗಳಲ್ಲಿ ಇಷ್ಟು ಗಳಿಸಬಹುದೆಂದು ಕೊಳ್ಳುವವರು ಹಾಕಿದ ಅಂದಾಜು. ಆ ಅಂದಾಜಿನ ಬಹುಪಾಲು ನಿಂತಿದ್ದು, ಜಗತ್ತಿನಾದ್ಯಂತ ಈ ತಂಡವನ್ನು ಮೆಚ್ಚುವ ಕೋಟ್ಯಂತರ ಜನರಿದ್ದಾರೆ, ಅವರಿಂದ ಸಂಸ್ಥೆಗೆ ಇಲ್ಲಿಯವರೆಗೆ ಏನೂ ಬಂದಿಲ್ಲ, ಮೊಬೈಲ್ ಮೂಲಕ ನೇರವಾಗಿ ತಲುಪಿದರೆ ಬಂದೀತು ಎಂಬ ನಂಬಿಕೆಯ ಮೇಲೆ.

ಪ್ರಾಂತೀಯ ಒಕ್ಕೂಟಗಳು ಒಪ್ಪಿದ್ದರಲ್ಲಿ ತಪ್ಪು ಹುಡುಕಲು ನನಗೆ ಮನಸ್ಸಿಲ್ಲ. ಅವುಗಳ ಕೈ ಖಾಲಿಯಾಗಿತ್ತು. ಮಾರಾಟದ ಹಣದಲ್ಲಿ ಒಂದು ಭಾಗ ಒಕ್ಕೂಟಗಳಿಗೂ ಕ್ಲಬ್ಬುಗಳಿಗೂ ಕೂಡಲೇ ಸಿಗುವುದಿತ್ತು. ಬರಗಾಲದಲ್ಲಿ ಹೊಲದ ಒಂದು ಮೂಲೆ ಮಾರಿ ಬೀಜ ತರುವವನನ್ನು ಯಾರು ದೂರುತ್ತಾರೆ? ಆದರೆ ಸಂಸ್ಥೆಯ ಆಡಳಿತ ಮಂಡಳಿ ಇಲ್ಲಿ ಒಂದು ಗಂಭೀರ ತಪ್ಪು ಮಾಡಿತು. ಹಣ ಬೇಕಾದವರನ್ನು ಮೊದಲು ಒಪ್ಪಿಸಿ, ಹಣ ಹುಟ್ಟಿಸುವವರನ್ನು ಕೊನೆಗೆ ಒಪ್ಪಿಸಲು ಹೊರಟಿತು. ಸಾಮೂಹಿಕ ಒಪ್ಪಂದದ ಪ್ರಕಾರ ಆಟಗಾರರ ಸಂಘದ ಒಪ್ಪಿಗೆಯಿಲ್ಲದೆ ಈ ಮಾರಾಟ ಸಾಧ್ಯವಿರಲಿಲ್ಲ. 26 ಒಕ್ಕೂಟಗಳ ಅವಿರೋಧ ಮತ ತೋರಿಸಿದರೆ ಆಟಗಾರರು ಮಣಿಯುತ್ತಾರೆಂದು ಮಂಡಳಿ ಎಣಿಸಿತ್ತೆಂದೇ ನನಗೆ ತೋರುತ್ತದೆ.

ಆಟಗಾರರ ನಿರಾಕರಣೆ

ಸಂಘ ಮಣಿಯಲಿಲ್ಲ. ಅದರ ಅಧ್ಯಕ್ಷರು 1987ರ ವಿಶ್ವಕಪ್ ಗೆದ್ದ ತಂಡದ ನಾಯಕರಾಗಿದ್ದವರು, ನಂತರ ವ್ಯಾಪಾರ ಜಗತ್ತಿನಲ್ಲಿ ದೊಡ್ಡ ಹುದ್ದೆಗಳನ್ನು ನಿರ್ವಹಿಸಿದವರು. ಅಂಗಿಯ ಭಾರವೂ ಲೆಕ್ಕಪತ್ರದ ಭಾಷೆಯೂ ಎರಡೂ ಗೊತ್ತಿದ್ದ ಮನುಷ್ಯ. ಹಿರಿಯ ಆಟಗಾರರು ಪತ್ರಕ್ಕೆ ಸಹಿ ಹಾಕಿ ತಮ್ಮ ಆತಂಕ ತಿಳಿಸಿದರು. ಒಮ್ಮೆ ಮಾರಿದ ಆದಾಯದ ಪಾಲು ಮರಳಿ ಬರುವುದಿಲ್ಲ ಎಂಬುದು ಒಂದು ಮಾತು. ಇನ್ನೊಂದು, ಹಾಕಾದ ಪ್ರಶ್ನೆ.

ಇಲ್ಲಿ ಸ್ವಲ್ಪ ನಿಲ್ಲಬೇಕು. ಆಲ್ ಬ್ಲ್ಯಾಕ್ಸ್ ಪಂದ್ಯಕ್ಕೆ ಮುನ್ನ ಹೆಚ್ಚಾಗಿ ಮಾಡುವ 'ಕಾ ಮಾಟೆ' ಹಾಕಾ ಸುಮಾರು 1820ರ ಹೊತ್ತಿಗೆ ಮಾವೊರಿ ಮುಖಂಡ ಟೆ ರೌಪರಾಹ ಕಟ್ಟಿದ್ದು. ಅದು ನಾಟಿ ಟೋವಾ ಎಂಬ ಮಾವೊರಿ ಬುಡಕಟ್ಟಿನ ಸೊತ್ತು. 2014ರಲ್ಲಿ ನ್ಯೂಜಿಲೆಂಡ್ ಸಂಸತ್ತು ಕಾನೂನನ್ನೇ ಮಾಡಿ, ಈ ಹಾಕಾವನ್ನು ವಾಣಿಜ್ಯವಾಗಿ ಬಳಸುವವರು ಕರ್ತೃವನ್ನೂ ಬುಡಕಟ್ಟನ್ನೂ ಗುರುತಿಸಬೇಕೆಂದು ವಿಧಿಸಿತು. ಹೀಗಿರುವಾಗ 310 ಕೋಟಿ ಡಾಲರಿನ ಅಂದಾಜಿನಲ್ಲಿ ಹಾಕಾದ ಪಾಲೆಷ್ಟು? ಕೊಳ್ಳುವ ಸಂಸ್ಥೆ ನಾಳೆ ಅದನ್ನು ಜಾಹೀರಾತಿನ ಸರಕು ಮಾಡಿದರೆ ತಡೆಯುವವರು ಯಾರು? ತಂಡದಲ್ಲಿದ್ದ ಮಾವೊರಿ ಆಟಗಾರರಿಗೆ ಇದು ಅಜ್ಜ ಮುತ್ತಜ್ಜಂದಿರ ಮರ್ಯಾದೆಯ ಮಾತು. ನಮ್ಮಲ್ಲಿ ದೈವದ ಕೋಲವನ್ನು ವೇದಿಕೆಗೆ ತಂದು ಟಿಕೆಟ್ ಇಟ್ಟರೆ ತುಳುನಾಡಿನ ಹಿರಿಯರಿಗೆ ಆಗುವ ಸಂಕಟವನ್ನು ಕಂಡವರಿಗೆ ಇದರ ತೂಕ ಗೊತ್ತು.

ಆಟಗಾರರು ಬೇಡ ಎಂದಷ್ಟೇ ಹೇಳಿ ಕೂತಿದ್ದರೆ ಪ್ರಕರಣ ಅಲ್ಲಿಗೇ ಕೊಳೆಯುತ್ತಿತ್ತೋ ಏನೋ. ಅವರು ಒಂದು ಹಣಕಾಸು ಸಂಸ್ಥೆಯ ನೆರವಿನಿಂದ ಬದಲಿ ಯೋಜನೆಯನ್ನೇ ಮುಂದಿಟ್ಟರು. ಸುಮಾರು ಶೇ 5ರಷ್ಟು ಪಾಲನ್ನು ಷೇರುಗಳಾಗಿ ನ್ಯೂಜಿಲೆಂಡಿನ ಜನರಿಗೂ ಸಂಸ್ಥೆಗಳಿಗೂ ಮಾರಿ 19 ಕೋಟಿ ಡಾಲರಿನವರೆಗೆ ಎತ್ತಬಹುದೆಂಬುದು ಅದರ ತಿರುಳು. ಮಂಡಳಿಗೆ ಅದು ಹಿಡಿಸಲಿಲ್ಲ. ಮಾತು ಬಿರುಸಾಯಿತು, ಪತ್ರಗಳು ಬಹಿರಂಗವಾದವು, ಕೊನೆಗೆ ಮಧ್ಯಸ್ಥಿಕೆಗೆ ಹೋದರು. ಆ ಷೇರು ಯೋಜನೆ ಜಾರಿಗೆ ಬರಲೇ ಇಲ್ಲ. ಆದರೆ ಮಾರಾಟಕ್ಕೆ ಒಂದೇ ದಾರಿ, ಒಬ್ಬರೇ ಗಿರಾಕಿ ಎಂಬ ಸ್ಥಿತಿಯನ್ನು ಅದು ಮುರಿಯಿತು. ನನ್ನ ಎಣಿಕೆಯಲ್ಲಿ ಪ್ರಕರಣದ ತಿರುವು ಇದೇ.

ಎರಡನೆಯ ಒಪ್ಪಂದ

2022ರ ಫೆಬ್ರುವರಿಯಲ್ಲಿ ಹೊಸ ಒಪ್ಪಂದ ಸಿದ್ಧವಾಯಿತು. ಸಿಲ್ವರ್ ಲೇಕ್ 20 ಕೋಟಿ ಡಾಲರ್ ಹಾಕುತ್ತದೆ, ಒಟ್ಟು ಮೌಲ್ಯವನ್ನು 350 ಕೋಟಿ ಎಂದು ಹಿಡಿಯಲಾಗುತ್ತದೆ. ನ್ಯೂಜಿಲೆಂಡಿನ ಹೂಡಿಕೆದಾರರಿಗೂ ಜೊತೆಗೂಡುವ ಅವಕಾಶ ಇಡಲಾಯಿತು. ಈ ಬಾರಿ ಆಟಗಾರರ ಸಂಘ ಮೊದಲೇ ಒಪ್ಪಿತ್ತು, ಮಾವೊರಿ ರಗ್ಬಿ ಮಂಡಳಿಯೂ ಬೆಂಬಲಿಸಿತು. ಜೂನ್‌ನಲ್ಲಿ ಒಕ್ಕೂಟಗಳು ಭಾರಿ ಬಹುಮತದಿಂದ ಅನುಮೋದಿಸಿದವು. ಮುಂದೆ ಸಿಲ್ವರ್ ಲೇಕ್ ಇನ್ನಷ್ಟು ಹಣ ಹಾಕಿ ಒಟ್ಟು 26.25 ಕೋಟಿಗೆ ಶೇ 7.5ರ ಪಾಲುದಾರನಾಯಿತು.

ಲೆಕ್ಕ ಹಾಕಿ ನೋಡೋಣ. ಮೊದಲ ಪ್ರಸ್ತಾವದಲ್ಲಿ ಪ್ರತಿ ಒಂದು ಶೇಕಡಾ ಪಾಲಿಗೆ ಸಿಗುತ್ತಿದ್ದುದು 3.1 ಕೋಟಿ ಡಾಲರ್. ಎರಡನೆಯದರಲ್ಲಿ 3.5 ಕೋಟಿ. ಅದೇ ಶೇ 7.5ನ್ನು ಹಳೆಯ ದರಕ್ಕೆ ಮಾರಿದ್ದರೆ 23.25 ಕೋಟಿ ಬರುತ್ತಿತ್ತು. ಆಟಗಾರರ ನಿರಾಕರಣೆಯ ನಂತರ ಅದು 3 ಕೋಟಿಯಷ್ಟು ಹೆಚ್ಚಿತು. ಅದಕ್ಕಿಂತ ಮುಖ್ಯವಾಗಿ ಶೇ 5ರ ಪಾಲು ಮನೆಯಲ್ಲೇ ಉಳಿಯಿತು. ಹೊಸ ದರದಲ್ಲಿ ಅದರ ಬೆಲೆ 17.5 ಕೋಟಿ.

ಇನ್ನೊಂದು ಸಂಗತಿ ಇಲ್ಲಿ ಗಮನಿಸಬೇಕು. ಮೌಲ್ಯ 310ರಿಂದ 350 ಕೋಟಿಗೆ ಏರಿದ ಆ ತಿಂಗಳುಗಳಲ್ಲೇ ತಂಡ ಸೋಲುಗಳನ್ನೂ ಕಂಡಿತ್ತು. 2021ರ ನವೆಂಬರಿನಲ್ಲಿ ಡಬ್ಲಿನ್‌ನಲ್ಲಿ ಐರ್ಲೆಂಡಿಗೂ ಪ್ಯಾರಿಸ್‌ನಲ್ಲಿ ಫ್ರಾನ್ಸಿಗೂ ಸೋತಿತ್ತು. ಅದೇ ವರ್ಷ ಫ್ರಾನ್ಸಿನ ಆಲ್ಟ್ರಾಡ್ ಕಂಪನಿ ಎದೆಯ ಮೇಲಿನ ಜಾಗವನ್ನೂ ಬ್ರಿಟನ್ನಿನ ಇನಿಯೋಸ್ ಚಡ್ಡಿಯ ಹಿಂಭಾಗವನ್ನೂ 2022ರಿಂದ ಆರು ವರ್ಷಕ್ಕೆ ಹಿಡಿದಿದ್ದವು. ಪ್ರಾಯೋಜಕರು ಕೊಳ್ಳುವುದು ಕಳೆದ ಶನಿವಾರದ ಫಲಿತಾಂಶವನ್ನಲ್ಲ. 1905ರಿಂದ ಕೂಡಿಟ್ಟ ನೆನಪನ್ನು ಕೊಳ್ಳುತ್ತಾರೆ. ಆ ನೆನಪು ಒಂದೆರಡು ಸೋಲಿಗೆ ಕರಗುವುದಿಲ್ಲ. ಕರಗತೊಡಗಿದರೆ ತಿಳಿಯುವುದು ತಡವಾಗಿ, ಅಪಾಯವಿರುವುದೂ ಅಲ್ಲಿಯೇ.

ಹಣ ಬಂದ ಮೇಲೆ

ಒಪ್ಪಂದಕ್ಕೆ ಅನುಮೋದನೆ ಸಿಕ್ಕ ಮರುತಿಂಗಳೇ ಐರ್ಲೆಂಡ್ ತಂಡ ನ್ಯೂಜಿಲೆಂಡಿಗೆ ಬಂದು ಸರಣಿಯನ್ನು 2-1ರಿಂದ ಗೆದ್ದುಕೊಂಡು ಹೋಯಿತು. 1994ರ ನಂತರ ಆಲ್ ಬ್ಲ್ಯಾಕ್ಸ್ ತವರಿನಲ್ಲಿ ಸರಣಿ ಸೋತದ್ದು ಅದೇ ಮೊದಲು. ಆಗಸ್ಟ್‌ನಲ್ಲಿ ಅರ್ಜೆಂಟೀನಾ ಮೊದಲ ಬಾರಿಗೆ ನ್ಯೂಜಿಲೆಂಡ್ ನೆಲದಲ್ಲಿ ಅವರನ್ನು ಮಣಿಸಿತು. 2023ರ ಆಗಸ್ಟಿನಲ್ಲಿ ಟ್ವಿಕನಮ್‌ನಲ್ಲಿ ದಕ್ಷಿಣ ಆಫ್ರಿಕಾದ ಎದುರು 35-7ರ ಸೋಲು, ಅಲ್ಲಿಯವರೆಗಿನ ಅವರ ಇತಿಹಾಸದಲ್ಲೇ ಅತಿ ದೊಡ್ಡ ಅಂತರದ್ದು. ಎರಡು ತಿಂಗಳ ಬಳಿಕ ಅದೇ ಆಲ್ ಬ್ಲ್ಯಾಕ್ಸ್ ತಂಡ ವಿಶ್ವಕಪ್ ಫೈನಲಿಗೇರಿ, ನಾಯಕನಿಗೆ ಕೆಂಪು ಕಾರ್ಡ್ ಬಿದ್ದ ಮೇಲೂ 14 ಮಂದಿಯಿಂದ ಹೋರಾಡಿ ದಕ್ಷಿಣ ಆಫ್ರಿಕಾದ ಎದುರು 12-11ರಿಂದ ಸೋತಿತು. ಆ ರಾತ್ರಿಯ ಆಟವನ್ನು ನೋಡಿದವರಿಗೆ ಈ ಅಂಗಿಗೆ ಜನ ಯಾಕೆ ಹಣ ಕೊಡುತ್ತಾರೆಂದು ಯಾರೂ ವಿವರಿಸಬೇಕಿಲ್ಲ.

ಮಹಿಳಾ ತಂಡದ ಮಾತೂ ಹೇಳಬೇಕು. 2022ರ ನವೆಂಬರ್ 12ರಂದು ಬ್ಲ್ಯಾಕ್ ಫರ್ನ್ಸ್ ಈಡನ್ ಪಾರ್ಕಿನಲ್ಲಿ ಇಂಗ್ಲೆಂಡನ್ನು 34-31ರಿಂದ ಸೋಲಿಸಿ ವಿಶ್ವಕಪ್ ಗೆದ್ದಾಗ 42 ಸಾವಿರಕ್ಕೂ ಹೆಚ್ಚು ಜನ ಮೈದಾನದಲ್ಲಿದ್ದರು. ಮೌಲ್ಯದ ಚರ್ಚೆಯೆಲ್ಲ ಪುರುಷರ ತಂಡದ ಸುತ್ತಲೇ ನಡೆದಿದ್ದ ದೇಶಕ್ಕೆ ಅದು ಕಣ್ಣು ತೆರೆಸಿದ ಸಂಜೆ.

ಲೆಕ್ಕಪತ್ರದ ಕಥೆ ಅಷ್ಟು ಹಿತವಾಗಿಲ್ಲ. ಹೊಸ ವಾಣಿಜ್ಯ ಕಂಪನಿ ಹುಟ್ಟಿತು, 2023ರಲ್ಲಿ ಜಗತ್ತಿನ ಅಭಿಮಾನಿಗಳಿಗಾಗಿ ವೀಡಿಯೊ ತಾಣವೂ ಬಂತು. ಆದರೆ 2022ರಲ್ಲಿ 4.7 ಕೋಟಿ ಡಾಲರ್ ನಷ್ಟ, 2023ರಲ್ಲಿ 89 ಲಕ್ಷ ನಷ್ಟ. ಒಕ್ಕೂಟಗಳಿಗೂ ಕ್ಲಬ್ಬುಗಳಿಗೂ ಹಂಚಿದ ಹಣವೂ ಇದರಲ್ಲಿ ಸೇರಿದೆ ಎಂಬುದನ್ನು ಮರೆಯಬಾರದು. 2025ರ ಆರಂಭದಲ್ಲಿ ಇನಿಯೋಸ್ ಆರು ವರ್ಷದ ಒಪ್ಪಂದವನ್ನು ಅರ್ಧಕ್ಕೇ ಬಿಟ್ಟಿತು. ಸಂಸ್ಥೆ ನ್ಯಾಯಾಲಯದ ಮೆಟ್ಟಿಲೇರಿತು, ಬಳಿಕ ರಾಜಿಯಾಯಿತು. ಪಾಲು ಮಾರಿದ ಹಣ ಒಮ್ಮೆ ಬರುತ್ತದೆ, ಖರ್ಚಿನ ಅಭ್ಯಾಸ ಪ್ರತಿವರ್ಷವೂ ಬರುತ್ತದೆ. ಮೊದಲನೆಯದರಿಂದ ಎರಡನೆಯದನ್ನು ಸರಿಪಡಿಸಬಹುದೆಂಬ ಎಣಿಕೆ ಇಲ್ಲಿ ಫಲಿಸಿಲ್ಲ.

ಬೇರೊಂದು ದೇಶದ ತೀರ್ಮಾನವನ್ನು ಇದರ ಪಕ್ಕದಲ್ಲಿಟ್ಟು ನೋಡಬೇಕು. ನಾಲ್ಕು ವಿಶ್ವಕಪ್ ಗೆದ್ದ ದಕ್ಷಿಣ ಆಫ್ರಿಕಾದ ಮುಂದೆಯೂ ಅಮೆರಿಕದ ಒಂದು ಹೂಡಿಕೆ ಗುಂಪು ಬಂದು, ಶೇ 20ರ ಪಾಲಿಗೆ 7.5 ಕೋಟಿ ಅಮೆರಿಕನ್ ಡಾಲರ್ ಕೊಡುವುದಾಗಿ ಹೇಳಿತು. 2024ರ ಡಿಸೆಂಬರಿನಲ್ಲಿ ಅಲ್ಲಿನ ಒಕ್ಕೂಟಗಳು ಬೇಕಾದ ಬಹುಮತ ಕೊಡದೆ ಅದನ್ನು ಕೈಬಿಟ್ಟವು. ಜಗತ್ತಿನ ಚಾಂಪಿಯನ್ನರಿಗೆ ಸಿಕ್ಕ ದರ ಅದು, ಫೈನಲಿನಲ್ಲಿ ಅವರೆದುರು ಸೋತವರಿಗೆ ಸಿಕ್ಕ ದರ ಅದಕ್ಕಿಂತ ಹಲವು ಪಟ್ಟು ಹೆಚ್ಚು. ಕ್ರೀಡೆಯ ಗೆಲುವಿಗೂ ವಾಣಿಜ್ಯ ಮೌಲ್ಯಕ್ಕೂ ಇರುವ ನಂಟು ಎಷ್ಟು ಸಡಿಲ ಎಂಬುದಕ್ಕೆ ಇದಕ್ಕಿಂತ ನೇರವಾದ ಪುರಾವೆ ನನಗೆ ಗೊತ್ತಿಲ್ಲ.

ಎರಡನೆಯ ಒಪ್ಪಂದದ ಜೊತೆಗೆ ಒಂದು ಷರತ್ತೂ ಬಂದಿತ್ತು: ಸಂಸ್ಥೆಯ ಆಡಳಿತವನ್ನು ಸ್ವತಂತ್ರ ಸಮಿತಿ ಪರಿಶೀಲಿಸಬೇಕು. 2023ರ ಆಗಸ್ಟಿನಲ್ಲಿ ಬಂದ ಅದರ ವರದಿ, ಈಗಿರುವ ಆಡಳಿತ ರಚನೆ ಇಂದಿನ ಕೆಲಸಕ್ಕೆ ತಕ್ಕುದಲ್ಲ ಎಂದು ನೇರವಾಗಿ ಹೇಳಿ, ಒಂಬತ್ತು ಸ್ವತಂತ್ರ ನಿರ್ದೇಶಕರ ಮಂಡಳಿ ಬೇಕೆಂದಿತು. ಒಕ್ಕೂಟಗಳು ಅದನ್ನು ಇಡಿಯಾಗಿ ಒಪ್ಪಲಿಲ್ಲ. ಒಂಬತ್ತರಲ್ಲಿ ಮೂವರಿಗಾದರೂ ಪ್ರಾಂತೀಯ ಆಡಳಿತದ ಅನುಭವವಿರಬೇಕೆಂದು ಪಟ್ಟು ಹಿಡಿದವು. ಹಾಗಾದರೆ ವೃತ್ತಿಪರ ಆಟದ ಆಡಳಿತಕ್ಕೆ ಬೇರೆ ಸಂಸ್ಥೆಯನ್ನೇ ಕಟ್ಟುತ್ತೇವೆ ಎಂದು ಆಟಗಾರರ ಸಂಘ ಎಚ್ಚರಿಸಿತು. 2024ರ ಮೇ 30ರ ಮತದಾನದಲ್ಲಿ ಒಕ್ಕೂಟಗಳ ಪ್ರಸ್ತಾವವೇ ಗೆದ್ದಿತು. ಸಂಘ ಬೇರೆಯಾಗಲಿಲ್ಲ.

ಹೊಸ ಮಂಡಳಿ ಬಂದು, 2025ರ ಆರಂಭದಲ್ಲಿ ತನ್ನ ಅಧ್ಯಕ್ಷರನ್ನು ಆರಿಸಿಕೊಂಡಿತು. ಮೊದಲ ಮಾರಾಟವನ್ನು ತಡೆದು ನಿಲ್ಲಿಸಿದ್ದ ಆಟಗಾರರ ಸಂಘದ ಆ ಅಧ್ಯಕ್ಷರೇ, 1987ರ ಆ ನಾಯಕರೇ, ಈಗ ಮಾರುವವರ ಕುರ್ಚಿಯಲ್ಲಿ ಕೂತರು. ಅದೇ ವರ್ಷದ ಮೇ ಹೊತ್ತಿಗೆ 2024ರ ಲೆಕ್ಕ ಅವರ ಮಂಡಳಿಯಿಂದ ಹೊರಬಂದಿತು. ಆದಾಯ 28.5 ಕೋಟಿ ಡಾಲರ್, ಹಿಂದೆಂದೂ ಕಾಣದಷ್ಟು. ನಷ್ಟ 1.95 ಕೋಟಿ.